ಜಮಖಾನದಲ್ಲೊಂದು ತೂತು

ಊಟದ ಮೇಜಿನ ಕೆಳಗೆ ಹಾಸಿದ್ದ ಜಮಖಾನದಲ್ಲಿ ತೂತು ಬಿದ್ದ ಸಂಗತಿಯನ್ನು ತಕ್ಕ ಗಾಂಭೀರ್ಯದಿಂದಲೇ ನಿರೂಪಿಸಬೇಕಾಗಿದೆ. ಸಾಮ್ರಾಜ್ಯಗಳು ಉರುಳಿದ್ದನ್ನು ಬರೆದಿಡುವವರು ಬೇಕಾದಷ್ಟು ಜನ ಇದ್ದಾರೆ. ಜಮಖಾನಗಳಿಗೆ ಆ ಭಾಗ್ಯವಿಲ್ಲ. ತೂತು ದೊಡ್ಡದೇನಲ್ಲ, ಅಂಗೈಯಗಲ ಬಂದೀತು. ಆದರೆ ಅದು ಬಿದ್ದ ಜಾಗ ವಿಚಿತ್ರವಾಗಿತ್ತು. ಬಾಗಿಲಿನಿಂದ ಅಡುಗೆಮನೆಗೆ ಓಡಾಡುವ ದಾರಿಯಲ್ಲಿ ಬಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕುರ್ಚಿಗಳನ್ನು ಎಳೆದಾಡುವ ಕಡೆ ಬಿದ್ದಿದ್ದರೂ ಸರಿ ಅನ್ನಬಹುದಿತ್ತು. ಇದು ಮೇಜಿನ ಅಡಿಯಲ್ಲಿ, ಯಾರೂ ನಡೆಯದ, ಯಾವ ಕುರ್ಚಿಯ ಕಾಲೂ ತಲುಪದ ಕಡೆ ಬಿದ್ದಿತ್ತು.

"ಇಲಿ," ಅಂದಳು ಕಾಲೇಜಿಗೆ ಹೋಗುವ ಮಗಳು. ಮೊಬೈಲಿನಿಂದ ಕಣ್ಣೆತ್ತದೆ ಕೊಟ್ಟ ತೀರ್ಪು ಅದು.

"ಈಗಿನ ಕಾಲದ ಬಟ್ಟೆಗಳೇ ಇಷ್ಟು. ಮೊದಲಿನ ಗಟ್ಟಿತನ ಎಲ್ಲಿದೆ?" ಅಂದರು ಯಜಮಾನರು. ಮನೆಯಲ್ಲಿ ಏನು ಕೆಟ್ಟರೂ ಅವರು ಕಾಲದ ಮೇಲೆ ಹಾಕುತ್ತಿದ್ದರು. ಕಾಲ ಎದುರು ಮಾತಾಡುವುದಿಲ್ಲವಲ್ಲ.

ಯಜಮಾನರ ಹೆಂಡತಿಗೆ ಎರಡು ಉತ್ತರವೂ ಒಪ್ಪಿಗೆಯಾಗಲಿಲ್ಲ. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆ ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ, ಬಟ್ಟೆ ಹಾಕಿ ನೋಡುವ ಕೋಣೆಗಳ ಹಿಂದಿನ ಕಿರುಕೋಣೆಯಲ್ಲಿ ಕೂತು, ಗಿರಾಕಿಗಳ ಹೊಸ, ಹಳೆಯ ಪ್ಯಾಂಟು ಗಿಡ್ಡ ಮಾಡಿ, ಸೊಂಟ ಬಿಡಿಸಿ ಕೊಡುತ್ತಿದ್ದರು. ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿ, ತೊಟ್ಟವರ ಚಟ ಏನಿರಬಹುದು ಎಂದು ಊಹಿಸುವುದು ಆ ಕೋಣೆಯಲ್ಲಿ ಅವರಿಗಿದ್ದ ಒಂದೇ ಮನರಂಜನೆ. ಆಕೆ ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು.

"ಇಲಿ ಕಡಿದ್ರೆ ಹರಕಲು ಹರಕಲಾಗಿರುತ್ತೆ. ನುಸಿ ತಿಂದ್ರೆ ಜರಡಿ ಆಗುತ್ತೆ. ಇದು ನೋಡಿ, ನುಣ್ಣಗೆ ಸವೆದಿದೆ. ಯಾರೋ ಕೂತು ಉಜ್ಜಿದ ಹಾಗಿದೆ."

"ಯಾರು ಉಜ್ತಾರೆ? ನನಗೇನು ಬೇರೆ ಕೆಲಸ ಇಲ್ವಾ?" ಅಂದರು ಯಜಮಾನರು. ಅವರನ್ನು ಯಾರೂ ಕೇಳಿರಲಿಲ್ಲ.

ಅವರಿಗೆ ಬೇರೆ ಕೆಲಸ ಇತ್ತು, ನಿಜ. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು; ಹಾಗಾಗಿ ರಸ್ತೆಗಿಳಿದರೆ ಅರ್ಧ ಜನಕ್ಕೆ ಕೈಯೆತ್ತುತ್ತ, ಉಳಿದರ್ಧ ಜನರನ್ನು ಬೈಯುತ್ತ ಸಾಗುತ್ತಿದ್ದರು. ಅವರ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಇರುವಂತೆಯೇ ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಎರಡಕ್ಕೂ ಒಳಗೆ ನಂಟು. ಒಂದನ್ನು ಒತ್ತಿದರೆ ಇನ್ನೊಂದೂ ತಗ್ಗುತ್ತದೆ. ಆ ಬ್ರೇಕ್ ಇರುವುದರಿಂದಲೇ ಆ ಊರಿನ ಎಷ್ಟೋ ಗೋಡೆ, ಕಂಬ, ಹಸುಗಳು ಇನ್ನೂ ಇದ್ದ ಹಾಗೇ ಇವೆ.

ಈ ಮೇಷ್ಟ್ರಿಗೆ ಆ ವರ್ಷ ಕಂಟಕ ಬಂದದ್ದು ತೋಳಿಗೆ ಸುತ್ತುವ ಒಂದು ಪಟ್ಟಿಯಿಂದ. ಕಲಿಸುವವರು ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಆರೋಗ್ಯ ಸರಿಯಿದೆ ಎಂದು ಸಹಿ ಹಾಕಿಸಿಕೊಳ್ಳಬೇಕು. ಡಾಕ್ಟರು ಪಟ್ಟಿ ಸುತ್ತಿದರು, ಗಾಳಿ ತುಂಬಿದರು, ಬಿಟ್ಟರು. ಮತ್ತೆ ತುಂಬಿದರು, ಬಿಟ್ಟರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. ಮೇಷ್ಟ್ರಿಗೆ ಆಗಲೇ ತಿಳಿಯಿತು.

"ಬಿಪಿ ಈ ಮಟ್ಟದಲ್ಲಿದ್ರೆ ನಾನು ಸಹಿ ಹಾಕೋಕಾಗಲ್ಲ. ಮಾತ್ರೆ ಬರೆದುಕೊಡ್ತೀನಿ, ಬಿಡದೆ ತಗೊಳ್ಳಿ. ಆದ್ರೆ ಬರೀ ಮಾತ್ರೆಯಿಂದ ಆಗಲ್ಲ. ನೀವು ಸ್ವಲ್ಪ ರಿಲ್ಯಾಕ್ಸ್ ಆಗ್ಬೇಕು."

"ನಾನು ರಿಲ್ಯಾಕ್ಸ್ ಆಗೇ ಇದ್ದೀನಲ್ಲ ಡಾಕ್ಟ್ರೇ!" ಎಂದು ಮೇಷ್ಟ್ರು ಹೇಳಿದ್ದು ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು.

ಮುಂದಿನ ತಿಂಗಳು ಮತ್ತೆ ಬನ್ನಿ ಎಂದರು ಡಾಕ್ಟರು. ಆಗಲೂ ಸಹಿ ಸಿಗದಿದ್ದರೆ ಮೇಷ್ಟ್ರು ಕಾರಿನಿಂದಿಳಿದು ಸ್ಕೂಲಿನ ಕೌಂಟರಿನಲ್ಲಿ ಕೂತು, ಬಂದವರ ಅರ್ಜಿಯ ಫೋಟೊಗಳಿಗೆ ಗೋಂದು ಹಚ್ಚಬೇಕಾಗಿತ್ತು. ಗೋಂದಿನ ಬಾಟಲಿ ಕನಸಿನಲ್ಲೂ ಬರಲಾರಂಭಿಸಿತು.

ಸುದ್ದಿ ಕೇಳಿ ಮೇಷ್ಟ್ರ ಅಕ್ಕ ಬಂದರು. ಅಕ್ಕ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದವರು. ನಿವೃತ್ತರಾದ ಮೇಲೆ ಒಂದು ಹಾಲ್ ಹಿಡಿದು ದೊಡ್ಡವರಿಗೆ ನೆಮ್ಮದಿ ಕಲಿಸುತ್ತಿದ್ದರು. ದೇಹ, ಮನಸ್ಸು, ಆತ್ಮ ಮೂರಕ್ಕೂ ಅವರಲ್ಲಿ ಒಂದೊಂದು ಮದ್ದಿತ್ತು. ಮೂರನ್ನೂ ಕೊಡುವ ದನಿ ಮಾತ್ರ ಹಳೆಯದೇ, ಮೈದಾನದ್ದು.

"ಮೊದಲು ದೇಹ. ಬೆಳಿಗ್ಗೆ ಎದ್ದು ನಡಿ."

ಮೇಷ್ಟ್ರು ನಡೆದರು. ನಡೆಯುವುದಕ್ಕೆ ರಸ್ತೆ ಬೇಕು, ರಸ್ತೆಯೆಂದರೆ ವಾಹನಗಳು. ಸಿಗ್ನಲ್ ತೋರಿಸದೆ ತಿರುಗಿದವರು, ಎದುರು ದಿಕ್ಕಿನಲ್ಲಿ ಬಂದವರು, ಮೊಬೈಲನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡವರು, ಎಲ್ಲರೂ ಕಣ್ಣಿಗೆ ಬಿದ್ದರು. ಅದರಲ್ಲಿ ಕೆಲವರು ಅವರ ಶಿಷ್ಯರೇ. ಮನೆಗೆ ಬಂದು ಬೂಟು ಬಿಚ್ಚುವಾಗ ಮೇಷ್ಟ್ರ ಮುಖ ಕೆಂಡವಾಗಿರುತ್ತಿತ್ತು.

"ಆಯ್ತು, ಮನಸ್ಸು," ಅಂದರು ಅಕ್ಕ. "ಕಣ್ಮುಚ್ಚಿ ಕೂತ್ಕೊ. ಉಸಿರು ಒಳಗೆ ಬರೋದನ್ನ ನೋಡು, ಹೊರಗೆ ಹೋಗೋದನ್ನ ನೋಡು. ನೀನೇನೂ ಮಾಡ್ಬೇಡ."

ಮೇಷ್ಟ್ರು ನೋಡಿದರು. ಬೇರೆಯವರ ಡ್ರೈವಿಂಗ್ ನೋಡುವ ಕಣ್ಣಿನಿಂದಲೇ ನೋಡಿದರು. ಸ್ವಲ್ಪ ಹೊತ್ತಿಗೇ ಕಣ್ಣು ಬಿಟ್ಟು ದೂರು ಕೊಟ್ಟರು: "ಒಂದು ಉದ್ದ ಬರುತ್ತೆ, ಒಂದು ಗಿಡ್ಡ ಬರುತ್ತೆ. ಯಾವುದಕ್ಕೂ ಶಿಸ್ತೇ ಇಲ್ಲ. ಇದನ್ನ ನೋಡ್ಕೊಂಡು ಸುಮ್ನಿರು ಅಂದ್ರೆ ಹೇಗಕ್ಕಾ?"

ಆತ್ಮದ ಪಾಠ ಇನ್ನೂ ಚಿಕ್ಕದಾಗಿ ಮುಗಿಯಿತು.

"ನಿನ್ನ ಕೈಲಿಲ್ಲದ್ದನ್ನ ಬಿಟ್ಟುಬಿಡೋ. ಸಾಕ್ಷಿಯಾಗಿರು. ಲೋಕ ತನ್ನಷ್ಟಕ್ಕೆ ತಾನು ನಡೀತಿರುತ್ತೆ."

"ಬಿಟ್ರೆ ಗುದ್ದುತ್ತೆ," ಅಂದರು ಮೇಷ್ಟ್ರು.

ಆದರೂ ಗೋಂದಿನ ಬಾಟಲಿಯ ಹೆದರಿಕೆಯಿಂದ ಅವರು ಅಕ್ಕನ ಹಾಲಿಗೆ ಹೋದರು. ಎಲ್ಲರೂ ಬೆನ್ನ ಮೇಲೆ ಮಲಗಿ ಮೈಯನ್ನು ಒಂದೊಂದೇ ಅಂಗವಾಗಿ ಸಡಿಲ ಬಿಡುವ ಪಾಠ ಅದು. ಬ್ಯಾಂಕಿನವರು, ನರ್ಸು, ಎರಡು ಮಕ್ಕಳ ತಾಯಿ, ಎಲ್ಲರೂ ಹಾಯಾಗಿ ಕರಗಿ ಚಾಪೆಗೆ ಅಂಟಿಕೊಂಡರು. ಬ್ಯಾಂಕಿನವರು ಗೊರಕೆಯನ್ನೂ ಶುರುಮಾಡಿದರು. ಹೊರಗೆ ಬೈಕೊಂದು ಭರ್ರೆಂದು ಹೋಯಿತು. ಹಾಲಿನಲ್ಲಿದ್ದ ಅಷ್ಟೂ ಕಾಲುಗಳಲ್ಲಿ ಒಂದೇ ಒಂದು ಕಾಲು ಜಿಗಿದು, ಪಾದ ಮುಂದಕ್ಕೆ ಒತ್ತಿ, ನಿಧಾನಕ್ಕೆ ಹಿಂದೆ ಬಂತು. ಅಕ್ಕ ಬಗ್ಗಿ ತಮ್ಮನ ಮುಖ ನೋಡಿದರು. ಮುಖ ಮಗುವಿನಂತೆ ಶಾಂತವಾಗಿತ್ತು.

"ನಿನ್ನ ಬಲಗಾಲು ಒಂದು ನಿನ್ನ ಮಾತು ಕೇಳಲ್ಲ ಕಣೋ," ಎಂದರು ಪಾಠ ಮುಗಿದ ಮೇಲೆ.

"ಯಾವ ಬಲಗಾಲು?" ಎಂದರು ಮೇಷ್ಟ್ರು, ಹತ್ತಾರು ಇದ್ದವರ ಹಾಗೆ.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಒಗಟಿತ್ತು ಎಂಬುದನ್ನೂ ಹೇಳಿಬಿಡಬೇಕು. ಟೈಲರಮ್ಮ ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದರು. ಮನೆಮನೆಗೆ ಹೋಗಿ ಪರದೆಗಳ ಅಳತೆ ತರುವ ಕೆಲಸ ಕೊಡುತ್ತೇವೆ, ಕಾರು ಓಡಿಸಲು ಬಂದರೆ ಸಾಕು ಎಂದು ಅಂಗಡಿಯವರು ಹೇಳಿದಾಗಿನಿಂದ ಆಕೆ ಗಂಡನ ಬಳಿಯೇ ಕಲಿಯುತ್ತಿದ್ದರು. ಗಂಡನ ಪಕ್ಕದಲ್ಲಿ ಓಡಿಸುವಾಗ ಬೆಣ್ಣೆಯಲ್ಲಿ ಕತ್ತಿ ಇಳಿದಂತೆ ನಿಲ್ಲಿಸುತ್ತಿದ್ದರು. ಪರೀಕ್ಷೆಯಲ್ಲಿ ಅದೇ ಕಾರು, ಅದೇ ರಸ್ತೆ. ಪಕ್ಕದಲ್ಲಿ ಪರೀಕ್ಷೆ ಮಾಡುವ ಅಧಿಕಾರಿ. ಪ್ರತಿ ಸಲವೂ ಗೆರೆ ದಾಟಿಯೇ ನಿಂತಿತು.

"ಪರೀಕ್ಷೆ ದಿನ ಬ್ರೇಕು ಕಲ್ಲಾಗುತ್ತೆ ರೀ. ದಿನಾ ಹೂವಿನ ಹಾಗಿರುತ್ತೆ, ಅವತ್ತು ಮಾತ್ರ ಕಲ್ಲು."

"ಬ್ರೇಕ್ ಅಲ್ಲ, ನಿನ್ನ ಹೆದರಿಕೆ," ಎನ್ನುತ್ತಿದ್ದರು ಮೇಷ್ಟ್ರು. ಬೇರೆ ಶಿಷ್ಯರೂ ಇದೇ ದೂರು ಹೇಳಿದಾಗ ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿದ್ದುಂಟು. ಅವನು ಕಾರಿನ ಕೆಳಗೆ ತೂರಿ, ಹೊರಗೆ ಬಂದು, ಕೈ ಒರೆಸಿಕೊಂಡು, ಏನೂ ಆಗಿಲ್ಲ ಎಂದಿದ್ದ.

ಎರಡು ಒಗಟುಗಳೂ ಒಂದೇ ಊಟದ ಹೊತ್ತಿನಲ್ಲಿ ಬಿಚ್ಚಿಕೊಂಡವು.

ಅವತ್ತು ರಜೆ. ಮಧ್ಯಾಹ್ನದ ಊಟಕ್ಕೆ ಅಕ್ಕನೂ ಇದ್ದರು. ಟೈಲರಮ್ಮ ಎಲ್ಲರಿಗಿಂತ ಮೊದಲು ಉಂಡೆದ್ದು, ತೇಪೆಗೆಂದು ತಂದ ಬಟ್ಟೆಯ ತುಂಡು, ಅಳತೆಯ ಟೇಪು ಹಿಡಿದು ಮೇಜಿನ ಕೆಳಗೆ ನುಗ್ಗಿದರು. ಊಟ ನಡೆಯುವಾಗ ಮೇಜಿನ ಕೆಳಗೆ ನುಗ್ಗುವುದು ಮರ್ಯಾದೆಯಲ್ಲ. ಆದರೆ ಆ ತೂತು ಅವರ ಕಣ್ಣಿಗೆ ಬಿದ್ದ ಕಸದಂತಾಗಿತ್ತು. ತೂತಿನ ಮೇಲೆ ಗಂಡನ ಬಲಪಾದ ಕೂತಿತ್ತು. ಸರಿಸಿ ಅನ್ನಬೇಕೆನ್ನುವಷ್ಟರಲ್ಲಿ ಮೇಲೆ ಮಗಳ ದನಿ ಕೇಳಿತು.

"ಅಪ್ಪಾ, ನಾಳೆ ನಾನು ಫ್ರೆಂಡ್ ಸ್ಕೂಟರಲ್ಲಿ ಕೆರೆ ಕಡೆ ಹೋಗ್ತೀನಿ."

ಕೆಳಗೆ ಹಿಮ್ಮಡಿ ಊರಿತು, ಪಾದ ಮುಂದಕ್ಕೆ ಒತ್ತಿತು, ಜಮಖಾನ ಸುಕ್ಕಾಯಿತು.

"ಹೋಗು. ಹೆಲ್ಮೆಟ್ ಹಾಕ್ಕೊ," ಅಂದಿತು ಮೇಲಿನಿಂದ ಸಮಾಧಾನದ ದನಿ.

ಪಾದ ಹಿಂದೆ ಬಂತು. ಟೈಲರಮ್ಮ ಉಸಿರು ಬಿಗಿಹಿಡಿದು ಕೂತರು. ಮಗಳ ಕಾಲನ್ನು ಮೆಲ್ಲಗೆ ಎಳೆದರು. ಅವಳು ಚಮಚ ಬೀಳಿಸಿ ಬಗ್ಗಿದಳು. ಅಮ್ಮ ಅಪ್ಪನ ಪಾದದ ಕಡೆ ಬೆರಳು ತೋರಿಸಿ, ಇನ್ನೂ ಏನಾದರೂ ಹೇಳು ಎಂದು ಕೈಸನ್ನೆ ಮಾಡಿದರು. ಮಗಳು ವಿಷಯ ಏನೆಂದು ಕೇಳುವ ಗೋಜಿಗೇ ಹೋಗದೆ ಆಟಕ್ಕಿಳಿದಳು.

"ಮೊಸರು ಮುಗೀತು ಅನ್ಸುತ್ತೆ."

ಸ್ವಲ್ಪ ಒತ್ತಿತು.

"ಅಪ್ಪಾ, ಕೂದಲು ಪೂರ್ತಿ ಗಿಡ್ಡ ಮಾಡಿಸ್ಕೊಳ್ಳಲಾ?"

ಮಧ್ಯಮ.

"ಅತ್ತೆ ಒಂದು ತಿಂಗಳು ನಮ್ಮನೇಲೇ ಇರ್ತಾರಂತೆ."

ಪಾದ ನೆಲಕ್ಕೆ ಅಂಟಿತು. ಮೊಣಕಾಲು ನೆಟ್ಟಗಾಯಿತು. ಮೇಜು ಅಲುಗಿ ನೀರಿನ ಲೋಟ ತುಳುಕಿತು.

"ನಾನ್ಯಾವಾಗ ಹಾಗಂದೆನೇ?" ಅಂದರು ಅಕ್ಕ.

ಟೈಲರಮ್ಮ ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿದರು. ಕೂದಲಿಗೆ ದೂಳು ಮೆತ್ತಿತ್ತು. "ರೀ, ನೀವು ಬ್ರೇಕ್ ಹಾಕ್ತಿದ್ದೀರಿ."

"ಯಾವ ಬ್ರೇಕು?"

"ಅದನ್ನೇ ಕೇಳ್ತಿರೋದು. ಮನೆ ಎಲ್ಲಿಗೆ ಹೊರಟಿದೆ ಅಂತ ನಿಲ್ಲಿಸ್ತಿದ್ದೀರಿ?"

ಮೇಷ್ಟ್ರು ತಮ್ಮ ಕಾಲು ನೋಡಿಕೊಂಡರು. ಅಕ್ಕ ನೋಡಿದರು. ಮಗಳು ಮೊಬೈಲ್ ಬದಿಗಿಟ್ಟು ನೋಡಿದಳು. ಇದು ಆ ಮನೆಯಲ್ಲಿ ಅಪರೂಪದ ಘಟನೆ. ಎಲ್ಲರೂ ನೋಡುತ್ತಿರುವಾಗ ಕಾಲು ಏನೂ ಮಾಡಲಿಲ್ಲ. ಕಾಲಿಗೂ ನಾಚಿಕೆ ಇರುತ್ತದೆ.

"ಅಭ್ಯಾಸಬಲ," ಅಂದರು ಮೇಷ್ಟ್ರು. "ಅದಕ್ಕೇನೀಗ?"

ಟೈಲರಮ್ಮ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಮನೇಲೇ ಹೀಗಾದ್ರೆ ಕಾರಲ್ಲಿ?"

"ಕಾರಲ್ಲಿ ಅಪಾಯ ಅಂದ್ರೆ ಮಾತ್ರ ಹಾಕ್ತೀನಿ."

"ನಿಮಗೆ ಮೊಸರು ಮುಗಿದ್ರೂ ಅಪಾಯವೇ ರೀ."

ಮಗಳು ನಗು ತಡೆಯಲಾರದೆ ನೀರು ಕುಡಿಯುವ ನೆಪ ಮಾಡಿದಳು. ಮೇಷ್ಟ್ರು ಕೈ ತೊಳೆದು ಬಂದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸವಾಲು ಹಾಕಿದರು. "ನಡಿ. ಈಗಲೇ ನೋಡೋಣ. ನಾನು ಮುಟ್ಟಲ್ಲ. ನೀನು ಹೇಗೆ ನಿಲ್ಲಿಸ್ತೀಯೋ ನಿಲ್ಲಿಸು."

ಊರಾಚೆಯ ಗೋದಾಮಿನ ಅಂಗಳ ರಜೆಯ ದಿನ ಖಾಲಿ ಇರುತ್ತಿತ್ತು. ಸ್ಕೂಲಿನವರು ಹೊಸಬರನ್ನು ಅಲ್ಲೇ ಓಡಿಸುವುದು. ಒಂದು ಖಾಲಿ ಡ್ರಮ್ಮನ್ನು ನಡುವೆ ನಿಲ್ಲಿಸಿದರು. ಅಕ್ಕ, ಮಗಳು ಹಿಂದಿನ ಸೀಟಿನಲ್ಲಿ. ಟೈಲರಮ್ಮ ಓಡಿಸುವ ಜಾಗದಲ್ಲಿ ಕೂರುವ ಮುನ್ನ ಚೀಲದಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು, ಗಂಡನ ಕಡೆಯ ಬ್ರೇಕಿಗೆ ದಪ್ಪಗೆ ಬಳಿದರು.

"ಇದೇನೇ?"

"ನೀವು ಮುಟ್ಟಲ್ಲ ಅಂದ್ರಲ್ಲ. ಮುಟ್ಟದಿದ್ರೆ ಬೂಟು ಹೇಗಿದೆಯೋ ಹಾಗೇ ಇರುತ್ತೆ."

"ಮೇಷ್ಟ್ರಿಗೇ ಪರೀಕ್ಷೆ!" ಎಂದು ಮೇಷ್ಟ್ರು ಎದೆ ಸೆಟೆಸಿ ಕೂತರು.

ಕಾರು ಹೊರಟಿತು. ಡ್ರಮ್ಮು ಹತ್ತಿರವಾಯಿತು. ಇನ್ನೂ ಬೇಕಾದಷ್ಟು ದೂರವಿರುವಾಗಲೇ ಕಾರು ಹೂವಿನಂತೆ ನಿಂತಿತು.

"ನೋಡಿದ್ಯಾ? ನಾನು ಮುಟ್ಟಲೇ ಇಲ್ಲ," ಅಂದರು ಮೇಷ್ಟ್ರು.

"ಬೂಟು ತೋರ್ಸಿ."

ಮೇಷ್ಟ್ರು ಕಾಲನ್ನು ಮೊಣಕಾಲ ಮೇಲೆ ಹಾಕಿ ತಿರುಗಿಸಿದರು. ಅಟ್ಟೆ ನೀಲಿಯಾಗಿತ್ತು.

ಮೇಷ್ಟ್ರು ಆ ಅಟ್ಟೆಯನ್ನು, ರಸ್ತೆಯಲ್ಲಿ ಸಿಕ್ಕ ಬೇರೆ ಯಾರದೋ ಬೂಟೆಂಬಂತೆ ನೋಡುತ್ತಿದ್ದರು. "ನಾನಲ್ಲ," ಅಂದರು ಕೊನೆಗೆ.

"ಬೂಟು ನಿನ್ನದೇ ಅಲ್ವಾ ಅಪ್ಪಾ?"

"ಬೂಟು ನನ್ನದೇ. ಆದ್ರೆ ನಾನು ಒತ್ತಲಿಲ್ಲ. ಆಣೆ ಮಾಡಿ ಹೇಳ್ತೀನಿ, ಒತ್ತಿದ್ದು ನನಗೆ ಗೊತ್ತೇ ಆಗಲಿಲ್ಲ."

ಹೆಂಡತಿ ಈಗ ಬೈಯುತ್ತಾಳೆ, ಅಕ್ಕ ಉಪದೇಶ ಮಾಡುತ್ತಾಳೆ ಎಂದು ಅವರು ಕಾದರು. ಟೈಲರಮ್ಮ ಸ್ಟೇರಿಂಗ್ ಮೇಲೆ ಕೈಯಿಟ್ಟು ಮುಂದೆ ನೋಡುತ್ತಿದ್ದರು. "ಹಾಗಾದ್ರೆ ಇಷ್ಟು ದಿನ ನಿಲ್ಲಿಸ್ತಿದ್ದಿದ್ದು ನಾನಲ್ಲ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಆಗ ಮೇಷ್ಟ್ರು ಯಾರೂ ಎಣಿಸದ ಕೆಲಸ ಮಾಡಿದರು. ಟವೆಲಿನಿಂದ ಅಟ್ಟೆ ಒರೆಸಿಕೊಂಡು, "ಸುಣ್ಣ ಇನ್ನೊಂದು ಸಲ ಬಳಿ. ಮತ್ತೆ ಹೋಗೋಣ. ಈ ಸಲ ನಾನು ರಸ್ತೆ ನೋಡಲ್ಲ, ಕಾಲು ನೋಡ್ತೀನಿ," ಅಂದರು. ಶಿಷ್ಯರ ತಪ್ಪು ಹುಡುಕುವಾಗ ಇರುವ ಹಣೆಯ ಗಂಟು ಮಾಯವಾಗಿತ್ತು. ಗಡಿಯಾರದ ಹಿಂಬದಿ ಬಿಚ್ಚಿ ನೋಡುವವರ ಮುಖ ಬಂದಿತ್ತು.

ಕಾರು ಮತ್ತೆ ಹೊರಟಿತು. ಮೇಷ್ಟ್ರು ತಲೆ ತಗ್ಗಿಸಿ, ಕಳ್ಳನಿಗೆ ಹೊಂಚು ಹಾಕಿದವರಂತೆ ಕೂತರು. ಡ್ರಮ್ಮು ಬಂತು, ಕಾಲು ಹೋಯಿತು, ಕಾರು ನಿಂತಿತು.

"ಸಿಕ್ತು!" ಎಂದು ಕೂಗಿದರು. "ಮೊದಲು ಕಾಲಲ್ಲ ಅಕ್ಕಾ, ಮೊದಲು ಉಸಿರು. ಉಸಿರು ಗಕ್ಕಂತ ನಿಲ್ಲುತ್ತೆ. ಆಮೇಲೆ ಹೊಟ್ಟೆ ಬಿಗಿಯುತ್ತೆ. ಕಾಲು ಹೋಗೋದು ಅದರ ಹಿಂದೆ. ಕಾಲು ಬರೀ ಆಳು!"

"ಉಸಿರು ನೋಡು ಅಂತ ನಾನು ಬಡ್ಕೊಂಡಿದ್ದು ಇನ್ಯಾಕೋ?"

"ನೀನು ಕೂತು ನೋಡು ಅಂದೆ. ಕೂತಾಗ ಅದು ಸಾಚಾ. ಹೊರಟಾಗಲೇ ಅದರ ಬಣ್ಣ ಬಯಲಾಗೋದು."

ಅಕ್ಕನ ಹಾಲಿನಲ್ಲಿ ಇದುವರೆಗೆ ಯಾರೂ ಹೊರಟು ನೋಡಿರಲಿಲ್ಲ.

ಮೂರನೆಯ ಸುತ್ತಿಗೆ ಮೇಷ್ಟ್ರು ಬೂಟು ಬಿಚ್ಚಿದರು. ಸೀಟನ್ನು ಹಿಂದಕ್ಕೆ ತಳ್ಳಿ, ಎರಡೂ ಕಾಲು ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ ಕೂತರು. ಬೆಲ್ಟ್ ಬಿಗಿಯಾಗಿತ್ತು, ಅಂಗಳ ಖಾಲಿಯಿತ್ತು, ಕಾರಿಗೆ ಆಮೆಯ ವೇಗ. ಆದರೂ ಅವರ ಕೈಬೆರಳುಗಳು ಮೊಣಕಾಲನ್ನು ಹಿಡಿದ ರೀತಿ ನೋಡಿದರೆ ಕಾರು ಬೆಟ್ಟದಿಂದ ಇಳಿಯುತ್ತಿದೆ ಅನ್ನಬೇಕು.

"ಉಸಿರು ಬಿಡೋ!" ಎಂದು ಹಿಂದಿನ ಸೀಟಿನಿಂದ ಮೈದಾನದ ದನಿ ಬಂತು.

ಬಿಟ್ಟರು. ಡ್ರಮ್ಮು ಬಂತು. ಟೈಲರಮ್ಮ ಬ್ರೇಕಿನ ಮೇಲೆ ಕಾಲಿಟ್ಟು, ಅದು ಎಂದಿನಂತೆ ತಾನಾಗಿ ತಗ್ಗುತ್ತದೆಂದು ಕಾದರು. ತಗ್ಗಲಿಲ್ಲ. ಗಾಬರಿಯಾಗಿ ಒತ್ತುವಷ್ಟರಲ್ಲಿ ಕಾರಿನ ಮೂತಿ ಡ್ರಮ್ಮಿಗೆ ತಾಗಿತು. ಡ್ರಮ್ಮು ಢಣ್ ಎಂದು ಬಿದ್ದು, ಉರುಳಿ, ಗೋಡೆಗೆ ಒರಗಿ ಸುಮ್ಮನಾಯಿತು. ಗೋಡೆಯ ಮೇಲಿದ್ದ ಬೆಕ್ಕು ಕಣ್ಣು ತೆರೆದು, ಮತ್ತೆ ಮುಚ್ಚಿತು.

ಮೇಷ್ಟ್ರು ಇಷ್ಟು ವರ್ಷ ದಿನವಿಡೀ ತಡೆದದ್ದು ಅದನ್ನೇ.

"ಅಷ್ಟೇನಾ?" ಅಂದರು. ಅದು ವ್ಯಂಗ್ಯವಲ್ಲ, ನಿಜವಾದ ಪ್ರಶ್ನೆ.

"ಅಷ್ಟೇ," ಅಂದರು ಟೈಲರಮ್ಮ. ಆಕೆ ಬ್ರೇಕನ್ನು ಇನ್ನೂ ಒತ್ತಿಕೊಂಡೇ ಇದ್ದರು; ಬಿಟ್ಟು, ಮತ್ತೆ ಒತ್ತಿ, ಹದ ನೋಡಿದರು, ಹೊಸ ಹೊಲಿಗೆ ಯಂತ್ರದ ಪೆಡಲ್ ನೋಡುವ ಹಾಗೆ. "ಇದು ಕಲ್ಲಲ್ಲ ರೀ. ಇದು ಇರೋದೇ ಹೀಗೆ."

ಮಗಳು ಇಳಿದು ಡ್ರಮ್ಮನ್ನು ಎತ್ತಿ ನಿಲ್ಲಿಸಿದಳು. ಮುಂದಿನ ಸಲ ಕಾರು ಅದರಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅಷ್ಟು ನಯವಾಗೇನೂ ಅಲ್ಲ. ಅಕ್ಕನ ಹಣೆ ಮುಂದಿನ ಸೀಟಿಗೆ ಬಡಿಯಿತು. ಅವರು ಸಾಕ್ಷಿಯಾಗಿ ಉಳಿಯದೆ ಎರಡು ಮಾತು ಅಂದರು.

ಶಿಷ್ಯರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಾಗುವುದಿಲ್ಲ. ಅವರ ರಸ್ತೆಯಲ್ಲಿ ಡ್ರಮ್ಮಿನ ಬದಲು ಜನ ಇರುತ್ತಾರೆ. ಮೇಷ್ಟ್ರು ಒಂದು ಒಪ್ಪಂದಕ್ಕೆ ಬಂದರು. ಪಾದ ಬ್ರೇಕಿನ ಪಕ್ಕದಲ್ಲೇ, ನೆಲದ ಮೇಲೆ. ನಿಜವಾದ ಅಪಾಯಕ್ಕೆ ಕೂಡಲೇ ಒತ್ತುವುದು, ಅದರಲ್ಲಿ ರಾಜಿಯಿಲ್ಲ. ಉಳಿದದ್ದಕ್ಕೆಲ್ಲ, ದೂರದ ಸಿಗ್ನಲ್ಲಿಗೆ, ಆಚೆ ಬದಿಯ ಸೈಕಲ್ಲಿಗೆ, ಮೊದಲು ಒಂದು ಉಸಿರು ಹೊರಗೆ, ಆಮೇಲೆ ಬೇಕಾದರೆ ಕಾಲು. ಹೆಚ್ಚಿನ ಸಲ ಆ ಉಸಿರು ಮುಗಿಯುವುದರೊಳಗೆ ಶಿಷ್ಯರೇ ಬ್ರೇಕ್ ಹಾಕಿರುತ್ತಿದ್ದರು. ಅವರಿಗೂ ಕಾಲುಗಳಿದ್ದವು ಎಂಬುದು ಮೇಷ್ಟ್ರಿಗೆ ಹೊಸ ವಿಷಯ. ಸಂಜೆ ಮನೆಗೆ ಬಂದು, "ಇವತ್ತು ಆ ಔಷಧಿ ಅಂಗಡಿಯವನು ತಾನೇ ನಿಲ್ಲಿಸಿದ ಕಣೇ," ಎಂದು, ಮಗು ಹೆಜ್ಜೆಯಿಟ್ಟಿತು ಎನ್ನುವವರಂತೆ ಹೇಳುತ್ತಿದ್ದರು. ಬೆಳಗಿನ ನಡಿಗೆಗೆ ರಸ್ತೆ ಬಿಟ್ಟು ಗೋದಾಮಿನ ಅಂಗಳವನ್ನೇ ಆರಿಸಿಕೊಂಡರು. ಮಾತ್ರೆಯನ್ನೂ ತಪ್ಪಿಸಲಿಲ್ಲ.

ಅಕ್ಕ ತಮ್ಮ ಹಾಲಿನ ಪಾಠಕ್ಕೆ ಒಂದು ಸುತ್ತು ನಡಿಗೆ ಸೇರಿಸಿದರು. ಯಾಕೆಂದು ಯಾರಿಗೂ ಹೇಳಲಿಲ್ಲ.

ತಿಂಗಳು ತುಂಬಿದಾಗ ಮೇಷ್ಟ್ರು ಡಾಕ್ಟರ ಮುಂದೆ ಕೂತರು. ಪಟ್ಟಿ ಬಿಗಿಯುತ್ತಿದ್ದಂತೆ ಉಸಿರು ಗಕ್ಕೆಂದದ್ದು ತಿಳಿಯಿತು, ಬಿಟ್ಟರು. ಡಾಕ್ಟರು ಎರಡು ಸಲ ನೋಡಿದರು. ಪೂರ್ತಿ ಸರಿಹೋಗಿಲ್ಲ, ಆದರೆ ಸಾಕಷ್ಟು ಇಳಿದಿದೆ, ಆರು ತಿಂಗಳಿಗೆ ಕೊಡುತ್ತೇನೆ, ಮತ್ತೆ ಬನ್ನಿ ಎಂದು ಪೆನ್ನಿನ ಮುಚ್ಚಳ ತೆಗೆದರು.

ಡಾಕ್ಟರು ಸಹಿ ಹಾಕಿದರು. ಟೈಲರಮ್ಮ ನಾಲ್ಕನೆಯ ಸಲ ಪಾಸಾದರು. ಜಮಖಾನದ ತೂತಿಗೆ ತೇಪೆ ಬಿತ್ತು. ಅದು ಇನ್ನೂ ಸವೆದಿಲ್ಲ.